ಆರೂವರೆ ಅಡಿ ನೀರು

ಅವ್ವ ಬೀದರಿನಿಂದ ಬಂದ ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚುತ್ತ ಹೇಳಿದಳು: “ಯಪ್ಪಾ, ನಿಮ್ಮ ಮನ್ಯಾಗಿನ ನೀರ ಮೈಗಿ ತಾಕಲ್ಲ. ಮಳಿ ಜಿನುಗಿದಂಗ ಆಗ್ತದ, ಎರಕೊಂಡಂಗ ಆಗಲ್ಲ.”

ಅವಳಿಗೆ ಎಪ್ಪತ್ತೆಂಟು. ಮೊಣಕಾಲು ಮಡಚಲು ಬಾರದು. ಬಗ್ಗಿ ಬಕೆಟ್ಟಿನಿಂದ ತಂಬಿಗೆ ಎತ್ತಿ ಹಾಕಿಕೊಳ್ಳುವ ತ್ರಾಸು ಬೇಡವೆಂದೇ ನಾವು ಶವರಿನ ಕೆಳಗೆ ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಟ್ಟಿದ್ದೆವು. ನಾನು ಇಪ್ಪತ್ತು ವರ್ಷದಿಂದ ಅದೇ ಶವರಿನ ಕೆಳಗೆ ನಿಂತಿದ್ದೇನೆ. ಅದರಲ್ಲಿ ನೀರು ಸಣ್ಣಗೆ ಬರುತ್ತದೆ ಎಂಬುದು ನನಗೆ ರೂಢಿಯಾಗಿ ಮರೆತೇ ಹೋಗಿತ್ತು. ಅವ್ವನ ಮಾತು ಕೇಳಿದ ಮೇಲೆ ನಾನೂ ಒಳಗೆ ಹೋಗಿ, ಶವರು ಪೂರ್ತಿ ತಿರುಗಿಸಿ, ಕೆಳಗೆ ಬಕೆಟ್ಟು ಇಟ್ಟು ಗಡಿಯಾರ ನೋಡಿದೆ. ನಿಮಿಷಕ್ಕೆ ನಾಲ್ಕು ಲೀಟರು. ಬಿಸಿನೀರಿನ ಕಡೆ ತಿರುಗಿಸಿದರೆ ಅದಕ್ಕಿಂತಲೂ ಕಡಿಮೆ.

ಬೀದರಿನ ನಮ್ಮ ಮನೆಯಲ್ಲಿ ಬಚ್ಚಲ ಮೂಲೆಯ ಒಲೆಯ ಮೇಲೆ ತಾಮ್ರದ ಹಂಡೆ ಕೂತಿತ್ತು. ಅದರ ಹೊಟ್ಟೆ ಹೊರಗಡೆ ಮಸಿಯಿಂದ ಕಪ್ಪಾಗಿತ್ತು, ಕಂಠ ಮಾತ್ರ ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ದೀಪಾವಳಿಗೆ ಮೊದಲ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಒಳಗೂ ಹೊರಗೂ ತೊಳೆದು, ಸುಣ್ಣದ ಪಟ್ಟಿ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಕೊಡಗಟ್ಟಲೆ ನೀರು ತುಂಬಿ, ಅದಕ್ಕೆ ಪೂಜೆ ಮಾಡುತ್ತಿದ್ದರು. ಮರುದಿನ ನಸುಕಿನಲ್ಲಿ ಅವ್ವ ನಮ್ಮ ನೆತ್ತಿಗೆ ಎಣ್ಣೆ ತಟ್ಟಿ, ಒಬ್ಬೊಬ್ಬರನ್ನೇ ಕೂರಿಸಿ ಎರೆಯುತ್ತಿದ್ದಳು. ನಾವು ಸ್ನಾನಕ್ಕೆ ಜಳಕ ಅನ್ನುತ್ತೇವೆ. ಆದರೆ ತಲೆಗೆ ಮಾಡುವ ಜಳಕಕ್ಕೆ ಎರಕೊಳ್ಳುವುದು ಎಂಬ ಬೇರೆಯೇ ಮಾತಿದೆ. ಎರೆಯುವುದು ಎಂದರೆ ನೀರಿಗೆ ತೂಕ ಇರಬೇಕು. ನೆತ್ತಿಯ ಮೇಲೆ ಬಿದ್ದು, ಹೆಗಲಿಗೆ ಇಳಿದು, ಬೆನ್ನ ಮೇಲೆ ಹರಿಯಬೇಕು. ಅವ್ವ ಕೇಳಿದ್ದು ಅಷ್ಟೇ.

ಬಚ್ಚಲನ್ನು ಹೇಗೂ ಒಡೆಯಬೇಕಾಗಿತ್ತು. ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಕಟ್ಟಡಕ್ಕೆ ನಲವತ್ತು ವರ್ಷದ ಹತ್ತಿರ ಹತ್ತಿರ. ನೆಲಮಹಡಿ, ಅದರ ಮೇಲೆ ಎರಡು. ನಾವು ಎಲ್ಲಕ್ಕಿಂತ ಮೇಲೆ. ಗೋಡೆಯೊಳಗಿನ ಜಿಐ ಪೈಪು ತುಕ್ಕು ಹಿಡಿದು ಕೆಳಗಿನವರ ಛಾವಣಿಗೆ ಒರತೆ ಬಿಟ್ಟಿತ್ತು. ಪೈಪು ಬದಲಿಸುವುದಾದರೆ ಟೈಲ್ಸು ಹೋಗುತ್ತದೆ, ಟೈಲ್ಸು ಹೋದರೆ ಗೀಸರು ಇಳಿಸಬೇಕು. ಹಾಗಾದರೆ ಶವರಿನ ತೀರ್ಮಾನವನ್ನೂ ಈಗಲೇ ಮಾಡಿಬಿಡೋಣ ಎಂದು ಮನೆಯಲ್ಲಿ ಮಾತಾಯಿತು. ಮಾತು ಎರಡು ಕಡೆಗೆ ಎಳೆಯಿತು.

ಇಂಗ್ಲೆಂಡಿನಲ್ಲಿರುವ ತಂಗಿಯ ಮಗ ಫೋನಿನಲ್ಲಿ ಹೇಳಿದ: “ಮಾವಾ, ಎಲೆಕ್ಟ್ರಿಕ್ ಶವರ್ ಹಾಕಿಸಿ. ಗೋಡೆಗೆ ಒಂದು ಪೆಟ್ಟಿಗೆ. ತಣ್ಣೀರು ಅದರೊಳಗೆ ಹೋಗಿ ಹರಿಯುತ್ತಲೇ ಕಾಯ್ದು ಹೊರಗೆ ಬರ್ತದೆ. ಟ್ಯಾಂಕ್ ಬೇಡ, ಕಾಯೋದು ಬೇಡ.” ಎದುರು ಮನೆಯವರದು ಬೇರೆ ಮಾತು. ಅವರು ಮಾಳಿಗೆಯ ಮೇಲೆ ಪ್ರೆಶರ್ ಪಂಪು ಕೂರಿಸಿದ್ದಾರೆ. ನಲ್ಲಿ ತಿರುಗಿಸಿದರೆ ಪಂಪು ತಾನಾಗಿ ಶುರುವಾಗಿ, ನೀರು ಬಾಣದ ಹಾಗೆ ಬರುತ್ತದೆ. ಒಂದು ಸಂಜೆ ಕರೆದು ತೋರಿಸಿದರು. ನನ್ನ ಅಂಗೈಗೆ ನೀರು ಚುಚ್ಚಿತು.

ಮಿಸ್ತ್ರಿಯನ್ನು ಕರೆಸಿದೆ. ನಾಂಪಲ್ಲಿ, ಮಲ್ಲೇಪಲ್ಲಿಯ ಹಳೆಯ ಮನೆಗಳ ಪೈಪುಗಳೆಲ್ಲ ಅವರಿಗೆ ಮುಖಪರಿಚಯ. ಅವರು ಬಚ್ಚಲನ್ನು ನೋಡಲೇ ಇಲ್ಲ. ನೇರ ಮಾಳಿಗೆ ಹತ್ತಿದರು. ಟ್ಯಾಂಕಿನ ಬುಡಕ್ಕೆ ಕೈಯಿಟ್ಟು, ಹೈದರಾಬಾದಿನ ದಖನಿಯಲ್ಲಿ ಕೇಳಿದರು: “ಟಾಂಕೀ ಇತ್ತೀ ನೀಚೇ ಹೈ ತೋ ಪಾನೀ ಮೇ ಜೋರ್ ಕೈಸಾ ಆತಾ ಸಾಬ್?” ಟ್ಯಾಂಕು ಇಷ್ಟು ಕೆಳಗಿದ್ದರೆ ನೀರಿಗೆ ಜೋರು ಎಲ್ಲಿಂದ ಬರಬೇಕು ಎಂಬ ಆ ಪ್ರಶ್ನೆಯಲ್ಲೇ ಇಡೀ ವಿಷಯ ಇತ್ತು.

ನಾವಿಬ್ಬರೂ ಟೇಪು ಹಿಡಿದು ಅಳೆದೆವು. ಟ್ಯಾಂಕಿನ ಬುಡದಿಂದ ನಮ್ಮ ಶವರಿನ ತೂತುಗಳವರೆಗೆ ಎತ್ತರ ಆರೂವರೆ ಅಡಿ, ಅಂದರೆ ಎರಡು ಮೀಟರು. ನೀರಿನ ಒತ್ತಡ ಟ್ಯಾಂಕಿನ ಗಾತ್ರದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. ಸಾವಿರ ಲೀಟರಿನ ಟ್ಯಾಂಕಾದರೂ ಅಷ್ಟೇ, ಎರಡು ಸಾವಿರದ್ದಾದರೂ ಅಷ್ಟೇ. ಹತ್ತು ಮೀಟರು ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಎರಡು ಮೀಟರಿಗೆ ಅದರ ಐದನೇ ಒಂದು ಪಾಲು. ನೆಲಮಹಡಿಯವರಿಗೆ ಅದೇ ಟ್ಯಾಂಕು ಇಪ್ಪತ್ತಾರು ಅಡಿ ಮೇಲಿದೆ, ನಮ್ಮ ನಾಲ್ಕು ಪಟ್ಟು. ಅವರ ಮನೆಯಲ್ಲಿ ಶವರು ಚೆನ್ನಾಗಿ ಬರುತ್ತದೆ, ನಮ್ಮಲ್ಲಿ ಬರುವುದಿಲ್ಲ ಎಂಬುದಕ್ಕೆ ಇಷ್ಟು ವರ್ಷ ನಾವು ಶವರಿನ ಕಂಪನಿಯನ್ನು ಬೈಯುತ್ತಿದ್ದೆವು. ನೀರಿಗೆ ಹತ್ತಿರವಾಗಿರುವ ಮನೆಗೇ ನೀರಿನ ಜೋರು ಕಡಿಮೆ. ಎಲ್ಲ ಊರಿನಲ್ಲೂ ಮೇಲಿನ ಮಹಡಿಯವರ ಪಾಡು ಇದೇ.

ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿದರೆ? ಐದಡಿ ಎತ್ತಿದರೂ ಸಿಗುವುದು ಇನ್ನೊಂದು ಒಂದೂವರೆ ಮೀಟರು. ಸಾವಿರ ಲೀಟರು ನೀರು ಎಂದರೆ ಒಂದು ಟನ್ನು ಭಾರ. ನಲವತ್ತು ವರ್ಷದ ಮಾಳಿಗೆಯ ಮೇಲೆ ಅದನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಲು ನನಗೆ ಧೈರ್ಯ ಬರಲಿಲ್ಲ.

ಮಾಳಿಗೆಯ ಮೇಲೆ ಟೇಪು ಸುತ್ತುತ್ತ ನನಗೆ ನಮ್ಮೂರಿನ ಸುರಂಗ ಬಾವಿ ನೆನಪಾಯಿತು. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ನೌಬಾದಿನ ಕಡೆ ಪರ್ಷಿಯದ ರೀತಿಯಲ್ಲಿ ಕೊರೆದ ಕರೇಜ್ ಅದು. ಕೆಂಪು ಜಂಬಿಟ್ಟಿಗೆಯ ನೆಲದೊಳಗೆ ಇಳಿಜಾರಾಗಿ ಕಾಲುವೆ ಕೊರೆದು, ಅಲ್ಲಲ್ಲಿ ಗಾಳಿಗೆ ಬಾವಿ ತೋಡಿದ್ದಾರೆ. ಎತ್ತುವ ಯಂತ್ರವಿಲ್ಲ, ಇಳಿಜಾರೇ ನೀರನ್ನು ನಡೆಸುತ್ತದೆ. ಹೈದರಾಬಾದಿನ ಕಥೆಯೂ ಹಾಗೆಯೇ ಶುರುವಾಗಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರನ್ನು ನುಂಗಿದ ಮೇಲೆ, 1909ರಲ್ಲಿ ನಿಜಾಮರ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಮೇಲ್ಗಡೆ ಜಲಾಶಯ ಕಟ್ಟಿ ಪ್ರವಾಹ ಹಿಡಿಯಿರಿ ಎಂದು ಅವರು ಹೇಳಿದರು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಇಲ್ಲಿನ ಜನ ಅದನ್ನು ಗಂಡಿಪೇಟ್ ಅನ್ನುತ್ತಾರೆ. ಈಸಿ ನದಿಗೆ ಹಿಮಾಯತ್ ಸಾಗರ 1927ರಲ್ಲಿ. ಪ್ರವಾಹ ತಡೆಯಲು ಕಟ್ಟಿದ ಕೆರೆಗಳೇ ಊರಿಗೆ ಕುಡಿಯುವ ನೀರಾದವು. ಗಂಡಿಪೇಟೆಯಿಂದ ಆಸಿಫ್ ನಗರದ ಶುದ್ಧೀಕರಣ ಕೇಂದ್ರಕ್ಕೆ ನೀರು ಬಂದದ್ದು ಪಂಪಿನಿಂದಲ್ಲ, ನೆಲದ ಇಳಿಜಾರಿನಿಂದ. ಆಸಿಫ್ ನಗರ ನಮ್ಮ ಮನೆಯಿಂದ ದೂರವೇನಿಲ್ಲ. ಅಷ್ಟು ದೂರ ತಾನಾಗಿ ನಡೆದು ಬರುತ್ತಿದ್ದ ನೀರಿಗೆ, ಈ ಕಾಲದ ಮಹಡಿ ಮನೆಯಲ್ಲಿ ಕೊನೆಯ ಆರೂವರೆ ಅಡಿಗೆ ಬಲ ಸಾಲುತ್ತಿಲ್ಲ.

ಇನ್ನು ಎಲೆಕ್ಟ್ರಿಕ್ ಶವರಿನ ಲೆಕ್ಕ. ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಸೀಮೆಸುಣ್ಣ ಕೈಗೆ ಸಿಕ್ಕಿದರೆ ಮಾಡದೆ ಬಿಡುವ ಲೆಕ್ಕವಲ್ಲ ಇದು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು. ಡಿಸೆಂಬರಿನ ಬೆಳಿಗ್ಗೆ ನಮ್ಮ ಟ್ಯಾಂಕಿನ ನೀರು 20 ಡಿಗ್ರಿ ಎಂದುಕೊಳ್ಳಿ, ಮೈಗೆ ಹಿತವಾಗುವುದು 40. ಇಲ್ಲಿ ಅಂಗಡಿಯಲ್ಲಿ ಸಿಗುವ ಸಣ್ಣ ಇನ್‌ಸ್ಟಂಟ್ ಗೀಸರು 3 ಕಿಲೋವಾಟಿನದು. ಅದು ಹರಿಯುವ ನೀರನ್ನು ಇಪ್ಪತ್ತು ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ಕೊಟ್ಟೀತು, ಅಷ್ಟೇ. ಎರಡು ತಂಬಿಗೆ. ಅದಕ್ಕೇ ಆ ಗೀಸರುಗಳನ್ನು ಅಡಿಗೆಮನೆಯ ಸಿಂಕಿಗೆ ಹಾಕುತ್ತಾರೆ. ಬಚ್ಚಲಿಗೆ ಹಾಕಿದವರು ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ಟು ತುಂಬುವುದನ್ನು ಕಾಯುತ್ತಾರೆ.

ಇಂಗ್ಲೆಂಡಿನ ಎಲೆಕ್ಟ್ರಿಕ್ ಶವರು ಏಳೂವರೆಯಿಂದ ಹತ್ತೂವರೆ ಕಿಲೋವಾಟಿನ ತನಕ ಇರುತ್ತದೆ. ಒಂಬತ್ತೂವರೆಯದಕ್ಕೆ ನಲವತ್ತು ಆಂಪಿಯರಿಗೂ ಮೇಲೆ ಕರೆಂಟು ಬೇಕು. ಮೀಟರಿನಿಂದ ಬಚ್ಚಲಿಗೆ ಅದಕ್ಕೆಂದೇ ದಪ್ಪ ತಂತಿ ಎಳೆಯುತ್ತಾರೆ. ಬೀದಿಯ ಪೈಪಿನಿಂದ ನೇರವಾಗಿ ಇಪ್ಪತ್ತನಾಲ್ಕು ಗಂಟೆಯೂ ಒತ್ತಡದಲ್ಲಿ ನೀರು ಬರುತ್ತದೆ ಎಂಬ ನಂಬಿಕೆಯ ಮೇಲೆ ಆ ಪೆಟ್ಟಿಗೆ ನಿಂತಿದೆ. ನಮ್ಮ ಮನೆಗೆ ಮಂಜೂರಾದ ಲೋಡು 3 ಕಿಲೋವಾಟು. ಬೀದಿಯ ನೀರು ದಿನ ಬಿಟ್ಟು ದಿನ, ಒಂದಷ್ಟು ಹೊತ್ತು, ನೆಲದೊಳಗಿನ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮೋಟರು ಹಾಕಿ ಮಾಳಿಗೆಗೆ ಏರಿಸುತ್ತೇವೆ. ಹುಡುಗ ತಪ್ಪು ಹೇಳಲಿಲ್ಲ. ಅವನ ಊರಿಗೆ ಅದು ಸರಿ. ಆ ಊರಿನ ತಂತಿ, ಆ ಊರಿನ ಪೈಪು ಬೆನ್ನಿಗಿದ್ದರೆ ಮಾತ್ರ ಆ ಪೆಟ್ಟಿಗೆ ನಡೆಯುತ್ತದೆ.

ಹಾಗಾಗಿ ಮೊದಲನೆಯದು ಬಿತ್ತು. ಉಳಿದದ್ದು ಸ್ಟೋರೇಜ್ ಗೀಸರು, ಅದರ ಹಿಂದೆ ಪಂಪು.

ಆದರೆ ಅದಕ್ಕೆ ಮುಂಚೆ ನಡೆದ ಒಂದು ಸಂಗತಿ ಹೇಳಲೇಬೇಕು. ಹಳೆಯ ಗೀಸರು ಇಳಿಸಿದ ದಿನ ಎಲೆಕ್ಟ್ರಿಷಿಯನ್ ಬಂದು ಅದರ ಸಾಕೆಟ್ಟು ಬಿಚ್ಚಿದ. ಮೂರು ತೂತಿನ ಸಾಕೆಟ್ಟಿಗೆ ಎರಡೇ ತಂತಿ ಬಂದಿತ್ತು. ಮೇಲಿನ ದಪ್ಪ ತೂತಿನ ಹಿಂದೆ ಏನೂ ಇರಲಿಲ್ಲ. ಅರ್ತಿಂಗ್ ಇಲ್ಲ. ಇಪ್ಪತ್ತು ವರ್ಷ ನನ್ನ ಹೆಂಡತಿ, ಮಕ್ಕಳು ಆ ಗೀಸರಿನ ನೀರಿನಲ್ಲಿ ಜಳಕ ಮಾಡಿದ್ದಾರೆ. ಹೋದ ಮಳೆಗಾಲದಲ್ಲಿ ಒಮ್ಮೆ ನಲ್ಲಿ ಮುಟ್ಟಿದಾಗ ಕೈ ಝುಮ್ಮೆಂದಿತ್ತು ಎಂದು ಮಗಳು ಹೇಳಿದ್ದಳು. ಒದ್ದೆ ಕೈ, ಹಾಗಾಗುತ್ತೆ ಎಂದು ನಾನು ಸುಮ್ಮನಾಗಿದ್ದೆ. ಆ ಖಾಲಿ ತೂತು ನೋಡುತ್ತ ನಿಂತಾಗ ನನ್ನ ಕಾಲು ನಡುಗಿದ್ದು ಸುಳ್ಳಲ್ಲ.

ಗೀಸರಿನೊಳಗೆ ಕಾಯಿಸುವ ಸುರುಳಿಯ ಸುತ್ತ ಒಂದು ಲೋಹದ ಕವಚ ಇರುತ್ತದೆ. ಬೋರಿನ ಗಡಸು ನೀರಾದರೆ ಅದರ ಮೇಲೆ ಸುಣ್ಣದ ಹಾಗೆ ಬಿಳಿಯ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಶಾಖ ನೀರಿಗೆ ಹೋಗದೆ ಸುರುಳಿಯಲ್ಲೇ ಉಳಿದು, ಕವಚ ಬಿರುಕು ಬಿಡುತ್ತದೆ. ಆಗ ಕರೆಂಟು ನೀರಿಗೂ ಟ್ಯಾಂಕಿನ ಮೈಗೂ ಬರುತ್ತದೆ. ಅರ್ತಿಂಗ್ ಸರಿಯಾಗಿದ್ದರೆ ಅದು ನೆಲಕ್ಕೆ ಓಡಿಹೋಗುತ್ತದೆ, ಇಲ್ಲದಿದ್ದರೆ ನೆಲಕ್ಕೆ ಹೋಗಲು ನಿಂತವರ ಮೈಯನ್ನೇ ಹಾದಿ ಮಾಡಿಕೊಳ್ಳುತ್ತದೆ. ನಾವು ಕೆಳಗಡೆ ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ತಾಮ್ರದ ತಂತಿಯನ್ನು ಮೇಲಿನವರೆಗೆ ತಂದೆವು. ಗೀಸರಿಗೆಂದೇ 4 ಚದರ ಮಿಲಿಮೀಟರಿನ ಬೇರೆ ತಂತಿ, ಬೇರೆ ಎಂಸಿಬಿ ಹಾಕಿಸಿದೆವು. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದೆವು. ಹೋದ ಕರೆಂಟು ಅಷ್ಟೂ ವಾಪಸು ಬಾರದೆ 30 ಮಿಲಿಆಂಪಿಯರಿನಷ್ಟು ಬೇರೆ ದಾರಿ ಹಿಡಿದರೆ, ರೆಪ್ಪೆ ಮುಚ್ಚುವಷ್ಟರಲ್ಲಿ ಅದು ಎಲ್ಲವನ್ನೂ ಆರಿಸುತ್ತದೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಹೊಳೆಯುವ ಶವರಿನ ಮುಂದೆ ಇದು ಯಾರ ಕಣ್ಣಿಗೂ ಬೀಳದ ಖರ್ಚು. ಆದರೆ ಇಡೀ ಕೆಲಸದಲ್ಲಿ ನಾನು ಮನಸ್ಸಿಟ್ಟು ದುಡ್ಡು ಕೊಟ್ಟದ್ದು ಇದಕ್ಕೇ.

ಟ್ರೂಪ್ ಬಜಾರಿಗೆ ಮೂರು ಸಲ ಹೋದೆವು. ನಾಂಪಲ್ಲಿಯವರಿಗೆ ಇದೊಂದು ಅನುಕೂಲ. ಸ್ಯಾನಿಟರಿ, ಎಲೆಕ್ಟ್ರಿಕಲ್ ಸಾಮಾನೆಲ್ಲ ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲಿ ಸಿಗುತ್ತದೆ. ಅಂಗಡಿಯ ಗೋಡೆಯ ಮೇಲೆ ತಟ್ಟೆಯಷ್ಟು ಅಗಲದ ಮಳೆ ಶವರುಗಳು ಸಾಲಾಗಿ ತೂಗುತ್ತಿದ್ದವು. ಹೆಂಡತಿಗೆ ಅವು ಬಹಳ ಇಷ್ಟವಾದವು. ಆದರೆ ತಟ್ಟೆ ಅಗಲವಾದಷ್ಟೂ ಅದೇ ನೀರು ಹೆಚ್ಚು ತೂತುಗಳಿಗೆ ಹಂಚಿಹೋಗುತ್ತದೆ. ಆರೂವರೆ ಅಡಿಯ ಒತ್ತಡದಲ್ಲಿ ಅದು ನಡುವಿನಿಂದ ನಾಲ್ಕು ಹನಿ ಬಿಟ್ಟು ಸುಮ್ಮನಾಗುತ್ತದೆ. ಅಂಗಡಿಯಲ್ಲಿ ಯಾರೂ ನಿಮ್ಮ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂದು ಕೇಳಲಿಲ್ಲ.

ಪಂಪಿನ ವಿಷಯದಲ್ಲಿ ಮಿಸ್ತ್ರಿ ಹೇಳಿದ ಮೂರು ಮಾತು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಪಂಪನ್ನು ಎಂದಿಗೂ ಬೀದಿಯ ನಲ್ಲಿಗೆ ಹಚ್ಚಬಾರದು. ಅದು ಕಾನೂನಿಗೆ ವಿರುದ್ಧ, ಜೊತೆಗೆ ಗಲ್ಲಿಯ ಕೊನೆಯ ಮನೆಯ ನೀರನ್ನು ಕಸಿದುಕೊಂಡ ಹಾಗೆ. ಮಾಳಿಗೆಯ ಟ್ಯಾಂಕಿನ ಬಾಯಿಗೇ ಹಚ್ಚಬೇಕು. ತಣ್ಣೀರಿಗೆ ಮಾತ್ರ ಪಂಪು ಹಾಕಿ ಬಿಸಿನೀರನ್ನು ಹಾಗೇ ಬಿಟ್ಟರೆ, ಎರಡನ್ನೂ ಬೆರೆಸುವ ಡೈವರ್ಟರಿನಲ್ಲಿ ಜೋರಿನ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ದೂಡಿಬಿಡುತ್ತದೆ. ಆದ್ದರಿಂದ ಎರಡೂ ದಾರಿ ಕವಲೊಡೆಯುವ ಮೊದಲೇ ಪಂಪು ಬರಬೇಕು. ಹಾಗೆ ಬಂದರೆ ಆ ಒತ್ತಡ ಗೀಸರಿನ ಟ್ಯಾಂಕಿಗೂ ಬೀಳುತ್ತದೆ. ಹಾಗಾಗಿ ಗೀಸರಿನ ಚೀಟಿಯ ಮೇಲೆ ಎಷ್ಟು ಬಾರ್ ತಡೆಯುತ್ತದೆ ಎಂದು ಬರೆದಿರುವುದನ್ನು ಓದಿಯೇ ಕೊಳ್ಳಬೇಕು, ಅದರ ಸೇಫ್ಟಿ ವಾಲ್ವಿಗೆ ಎಂದೂ ಮುಚ್ಚಳ ಹಾಕಬಾರದು. ನಾವು ಎಂಟು ಬಾರಿನದು ತಂದೆವು, ಇಪ್ಪತ್ತೈದು ಲೀಟರು, 2 ಕಿಲೋವಾಟು.

ಆಮೇಲೆ ನೀರಿನ ಲೆಕ್ಕ. ನನ್ನ ಮನಸ್ಸು ನಿಂತದ್ದು ಇದರ ಮೇಲೆ. ಎದುರು ಮನೆಯ ಶವರಿನ ಕೆಳಗೂ ನಾನು ಬಕೆಟ್ಟು ಇಟ್ಟು ನೋಡಿದ್ದೆ: ನಿಮಿಷಕ್ಕೆ ಹದಿಮೂರು ಲೀಟರು. ಇಪ್ಪತ್ತೈದು ಲೀಟರಿನ ಗೀಸರು 60 ಡಿಗ್ರಿಗೆ ಕಾಯಲು ಅರ್ಧ ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಐವತ್ತು ಲೀಟರು. ಹದಿಮೂರರ ಲೆಕ್ಕದಲ್ಲಿ ಅದು ನಾಲ್ಕು ನಿಮಿಷವೂ ಬಾರದು. ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಕೂತ ಅವ್ವನ ಮೇಲೆ ತಣ್ಣೀರು ಸುರಿಯುತ್ತದೆ. ಅದೇ ನಿಮಿಷಕ್ಕೆ ಆರು ಲೀಟರಿಗೆ ಕಟ್ಟಿದರೆ ಎಂಟು ನಿಮಿಷ.

ಇನ್ನೊಂದು ಮುಖವೂ ಇದೆ. 2021ರ ಜನವರಿಯಿಂದ ಹೈದರಾಬಾದಿನಲ್ಲಿ ಮನೆಗೆ ತಿಂಗಳಿಗೆ ಇಪ್ಪತ್ತು ಸಾವಿರ ಲೀಟರು ನೀರು ಉಚಿತ. ನಮ್ಮ ಐದು ಜನಕ್ಕೆ ಹಂಚಿದರೆ ದಿನಕ್ಕೆ ತಲೆಗೆ 133 ಲೀಟರು. ಆ ಪಂಪಿನ ಶವರಿನ ಕೆಳಗೆ ಒಬ್ಬರು ಹತ್ತು ನಿಮಿಷ ನಿಂತರೆ 130 ಲೀಟರು. ಕುಡಿಯಲು, ಅಡಿಗೆಗೆ, ಬಟ್ಟೆಗೆ, ಪಾತ್ರೆಗೆ ಎಂದು ಇಟ್ಟ ಒಂದು ದಿನದ ಪಾಲೆಲ್ಲ ಒಂದು ಜಳಕದಲ್ಲಿ ಬಚ್ಚಲ ಮೋರಿಗೆ ಹೋಯಿತು. ಈ ಊರಿಗೆ ಗಂಡಿಪೇಟ್ ಸಾಲದಾಗಿ ಎಷ್ಟೋ ಕಾಲವಾಯಿತು. 1960ರ ದಶಕದಲ್ಲಿ ಮಂಜೀರಾ ಬಂತು, 2004ರಲ್ಲಿ ನಾಗಾರ್ಜುನ ಸಾಗರದ ಕಡೆಯಿಂದ ಕೃಷ್ಣೆ ಬಂದಳು, ಆಮೇಲೆ ಗೋದಾವರಿ. ದೂರ ಹೆಚ್ಚಿದಂತೆ ಪಂಪುಗಳೂ ಹೆಚ್ಚಿದವು. ಮಂಜೀರಾ ನಮ್ಮ ಬೀದರ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಇಳಿಯುವ ಹೊಳೆ. ಬೇಸಿಗೆಯಲ್ಲಿ ಅದರ ಪಾತ್ರ ಬರಿ ಮರಳಾಗುವುದನ್ನು ಕಂಡು ಬೆಳೆದವನಿಗೆ, ನೀರಿಗೆ ಜೋರು ಬಂತೆಂದು ಅದನ್ನು ಹೀಗೆ ಬಿಡಲು ಮನಸ್ಸು ಒಪ್ಪುವುದಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಅರ್ಧ ಹಾರ್ಸ್‌ಪವರಿನ ಸಣ್ಣ ಪಂಪು ಮಾಳಿಗೆಯಲ್ಲಿ ರಬ್ಬರು ಹಾಳೆಯ ಮೇಲೆ ಕೂತಿದೆ. ಅದರ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ, ಹತ್ತು ನಿಮಿಷಕ್ಕೆ ಒಂದು ಯೂನಿಟಿನ ಹದಿನಾರನೇ ಪಾಲು. ಶವರು ಅಂಗೈ ಅಗಲದ್ದು, ಕೈಯಲ್ಲಿ ಹಿಡಿಯುವಂಥದ್ದು, ನಿಮಿಷಕ್ಕೆ ಆರು ಲೀಟರಿಗೆ ಕಟ್ಟಿದ್ದು. ತೂತುಗಳು ರಬ್ಬರಿನವು, ಬಿಳಿಯ ಪೊರೆ ಕಟ್ಟಿದರೆ ಹೆಬ್ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಪಂಪಿಗೆ ಬೇರೆ ಸ್ವಿಚ್ಚಿದೆ, ಬೇಡವಾದಾಗ ನೀರು ಮೊದಲಿನ ಹಾಗೆ ತಾನೇ ಇಳಿಯುತ್ತದೆ. ಅವ್ವನಿಗೆ ಗೋಡೆಗೊಂದು ಹಿಡಿಕೆ, ಕಾಲು ಜಾರದ ಒರಟು ಟೈಲ್ಸು. ಬಕೆಟ್ಟು, ತಂಬಿಗೆ ತಮ್ಮ ಜಾಗದಲ್ಲೇ ಇವೆ.

ಕೆಲಸ ಮುಗಿದದ್ದು ನೀರು ತುಂಬುವ ಹಬ್ಬಕ್ಕೆ ನಾಲ್ಕು ದಿನ ಮೊದಲು. ಹಬ್ಬದ ಸಂಜೆ ಅವ್ವ ಹೊಸ ಗೀಸರಿಗೆ ಅರಿಶಿನ ಕುಂಕುಮ ಹಚ್ಚಿದಳು. ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಒಳಗೆ ಹೋದವಳು ಹತ್ತು ನಿಮಿಷದ ಮೇಲೆ ಬಂದು, ಕೂದಲು ಕೊಡವುತ್ತ, “ಈಗ ಎರಕೊಂಡಂಗ ಆಯ್ತ್ ನೋಡಪಾ” ಅಂದಳು.

ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಗೀಸರಿನ ಸಾಕೆಟ್ಟಿಗೆ ಮೂರನೆಯ ತಂತಿ ಬಂದಿದೆಯೋ ಇಲ್ಲವೋ ಇವತ್ತೇ ತಿಳಿದವರಿಂದ ಬಿಚ್ಚಿಸಿ ನೋಡಿ. ಬಂದಿಲ್ಲವೆಂದರೆ ನಾಳೆಯ ಜಳಕ ಒಲೆಯ ಮೇಲೆ ಕಾಯಿಸಿದ ಬಕೆಟ್ಟು ನೀರಿನಲ್ಲೇ ಆಗಲಿ.